ದೂರವನ್ನು ವೇಗದಿಂದ ಭಾಗಿಸಿದರೆ ವಿಮಾನದ ಸಮಯ ಯಾಕೆ ಸಿಗುವುದಿಲ್ಲ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಆ್ಯಪ್‌ನಲ್ಲಿ ಲಂಡನ್–ನ್ಯೂಯಾರ್ಕ್ ದೂರ ಸುಮಾರು 5,570 ಕಿ.ಮೀ. ಅಂತಿದೆ. ಗಂಟೆಗೆ 900 ಕಿ.ಮೀ. ಲೆಕ್ಕ ಹಾಕಿದರೆ 6 ಗಂಟೆ ಚಿಲ್ಲರೆ ಬರುತ್ತದೆ. ಆದರೆ ಟಿಕೆಟ್‌ನಲ್ಲಿ ಹೋಗುವಾಗ ಸುಮಾರು 8 ಗಂಟೆ, ಬರುವಾಗ 7. ಯಾವುದು ಸರಿ?

ಎರಡೂ ಸರಿ. ಆ್ಯಪ್ ತೋರಿಸುವುದು ಭೂಮಿಯ ಮೇಲಿನ ಅತಿ ಹತ್ತಿರದ ದಾರಿ. ಗ್ಲೋಬ್ ಇದ್ದರೆ ಎರಡು ಊರುಗಳ ಮಧ್ಯೆ ದಾರ ಬಿಗಿಯಾಗಿ ಎಳೆದು ನೋಡಿ. ದಾರ ಉತ್ತರಕ್ಕೆ ಸರಿದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡೆ ಹೋಗುತ್ತದೆ. ಚಪ್ಪಟೆ ನಕ್ಷೆಯಲ್ಲಿ ಅದೇ ಗೆರೆ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಸುತ್ತು ದಾರಿ ಅಂದುಕೊಳ್ಳಬೇಡಿ.

ಟಿಕೆಟ್‌ನ ಸಮಯ ಗೇಟಿನಿಂದ ಗೇಟಿಗೆ. ರನ್‌ವೇವರೆಗೆ ಉರುಳುವುದು, ಸಾಲಿನಲ್ಲಿ ಕಾಯುವುದು, ನಿಧಾನಕ್ಕೆ ಮೇಲೇರುವುದು, ಇಳಿಯುವ ಮುಂಚೆ ಸುತ್ತು ಹೊಡೆಯುವುದು, ಎಲ್ಲ ಅದರಲ್ಲೇ. ತಡವಾಯಿತು ಅನ್ನಿಸಿಕೊಳ್ಳಬಾರದು ಅಂತ ಕಂಪನಿಗಳು ಸ್ವಲ್ಪ ಜಾಸ್ತಿಯೇ ಬರೆದಿರುತ್ತವೆ. ವಿಮಾನ ಎಷ್ಟೋ ಸಲ "ಬೇಗ" ತಲುಪುವ ಗುಟ್ಟು ಅದೇ.

ಹೋಗುವ ಬರುವ ವ್ಯತ್ಯಾಸಕ್ಕೆ ಕಾರಣ ಗಾಳಿ. ಭೂಮಿ ಕೆಳಗೆ ತಿರುಗುತ್ತದೆ, ಅದಕ್ಕೇ ಹೀಗೆ ಅಂತ ಕೆಲವರು ಹೇಳುತ್ತಾರೆ. ಹಾಗಲ್ಲ. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಅದರೊಳಗಿರುವ ವಿಮಾನವೂ ಅಷ್ಟೇ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಅನ್ನೋ ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಅದರ ಜೋರು ಜಾಸ್ತಿ. ಗಾಳಿ ಗಂಟೆಗೆ 100 ಕಿ.ಮೀ. ಇದೆ ಅಂದುಕೊಳ್ಳಿ. ಎದುರಾದರೆ ನಿಮ್ಮ 900 ಹೋಗಿ 800 ಆಯಿತು, ಹಿಂದಿನಿಂದ ತಳ್ಳಿದರೆ 1,000. ಅಲ್ಲಿಗೇ ಸುಮಾರು 1 ಗಂಟೆ 24 ನಿಮಿಷ ಫರಕು. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಹಿಂದಿನಿಂದ ತಳ್ಳಿ, ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 5 ಗಂಟೆಯೊಳಗೇ ಬಂದಿತ್ತು!

ಕೆಲವು ಕಡೆ ನೇರ ದಾರಿಯೇ ಸಿಗುವುದಿಲ್ಲ. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೊಗೆ ಮೊದಲು ಒಂಬತ್ತೂವರೆ ಗಂಟೆಯ ಆಸುಪಾಸು ಇತ್ತು. 2022ರಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ, ಸುತ್ತಿ ಹೋಗಬೇಕಾಗಿ 13 ಗಂಟೆಯಾಯಿತು. ಊರುಗಳು ಮಾತ್ರ ಇದ್ದಲ್ಲೇ ಇವೆ!

ಅಂದಾಜಿಗೆ ಸುಮ್ನೆ ಹೀಗೆ ಮಾಡಿ: ದೂರವನ್ನು 850ರಿಂದ ಭಾಗಿಸಿ, ಮುಕ್ಕಾಲು ಗಂಟೆ ಸೇರಿಸಿ. ದೂರದ ಪಯಣ ಪಶ್ಚಿಮಕ್ಕಾದರೆ ಇನ್ನೂ ಅರ್ಧ ಗಂಟೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯ. ಟಿಕೆಟ್‌ನಲ್ಲಿ ಹೊರಡುವ, ತಲುಪುವ ಹೊತ್ತು ಆಯಾ ಊರಿನದು. ಲಂಡನ್ ಬೆಳಗ್ಗೆ 11, ನ್ಯೂಯಾರ್ಕ್ ಮಧ್ಯಾಹ್ನ 2 ಅಂದರೆ ಮೂರೇ ಗಂಟೆ ಅಲ್ಲ. ಲಂಡನ್ 5 ಗಂಟೆ ಮುಂದಿದೆ, ಅದನ್ನೂ ಕೂಡಿಸಿದರೆ 8. ಮಾರ್ಚ್‌ನಲ್ಲಿ ಎರಡು ಮೂರು ವಾರ ಈ ಅಂತರ 4 ಗಂಟೆಗೆ ಇಳಿಯುತ್ತದೆ, ಯಾಕೆಂದರೆ ಅಮೆರಿಕ ಬ್ರಿಟನ್‌ಗಿಂತ ಮೊದಲೇ ಗಡಿಯಾರ ಮುಂದಿಡುತ್ತದೆ. ಆ ದಿನಗಳಲ್ಲಿ ಮುಂದೆ ಇನ್ನೊಂದು ವಿಮಾನ ಹಿಡಿಯುವುದಿದ್ದರೆ ಹೊತ್ತನ್ನು ಎರಡು ಸಲ ನೋಡಿಕೊಳ್ಳಿ.