ನಿಮ್ಮ ಕಂಡಕ್ಟರಮ್ಮನ ಪೂರ್ವಕಥೆ ಓದಿದೆ

ನಮಸ್ಕಾರ.

ನಿಮ್ಮ ಚಿತ್ರಕಥೆಯನ್ನೂ ಅದರ ಜೊತೆ ಕಳಿಸಿದ 38 ಪುಟಗಳ ಪಾತ್ರಗಳ ಪೂರ್ವಕಥೆಯನ್ನೂ ಪೂರ್ತಿ ಓದಿದೆ. ಹಾವೇರಿ ಕಡೆಯ ಹಳ್ಳಿ ಬಸ್ಸಿನ ಕಂಡಕ್ಟರಮ್ಮ, ವಯಸ್ಸು 42, ಲೆಕ್ಕದ ವಿಷಯದಲ್ಲಿ ಒಂದು ರೂಪಾಯಿಗೂ ರಾಜಿಯಾಗದವಳು. ಇಂಥವಳನ್ನು ನಾಯಕಿ ಮಾಡಿದ್ದು ತುಂಬ ಇಷ್ಟವಾಯಿತು. ಆದರೆ ಚಿತ್ರಕಥೆಯನ್ನು ಈಗಿರುವ ಹಾಗೆ ಒಪ್ಪಿಕೊಳ್ಳಲಾರೆ.

ಪೂರ್ವಕಥೆಯಲ್ಲಿ ಅವಳ ರಾಶಿ, ಇಷ್ಟದ ಬಣ್ಣ, ಓದಿದ ಶಾಲೆ, ಮೊದಲ ಪ್ರೇಮ ಎಲ್ಲ ಇವೆ. ಸಂಬಳ ಎಷ್ಟು, ಸಾಲ ಯಾರಿಗೆ ಕೊಡಬೇಕು, ನೈಟ್ ಹಾಲ್ಟ್ ಇದ್ದ ದಿನ ಮಗಳ ಜೊತೆ ಯಾರಿರುತ್ತಾರೆ ಅನ್ನುವುದು ಇಲ್ಲ. ಕಥೆ ನಡೆಯುವುದು 2024ರಲ್ಲಿ ಅಲ್ವಾ? 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ಕಂಡಕ್ಟರುಗಳ ಕೆಲಸದ ರೀತಿಯೇ ಬದಲಾಯಿತು. ಹೆಂಗಸರ ಹತ್ತಿರ ದುಡ್ಡು ತಗೊಳ್ಳುವ ಹಾಗಿಲ್ಲ, ಆದರೂ ಗುರುತಿನ ಚೀಟಿ ನೋಡಿ ಪ್ರತಿಯೊಬ್ಬರಿಗೂ ಶೂನ್ಯ ಟಿಕೆಟ್ ಕೊಡಬೇಕು. ಲೆಕ್ಕದಲ್ಲಿ ಇಷ್ಟು ಕಟ್ಟುನಿಟ್ಟಿನವಳಿಗೆ ಇದು ಹೇಗನ್ನಿಸಿತು? ಒಂದು ಸಾಲೂ ಇಲ್ಲ. ಇಷ್ಟದ ಬಣ್ಣದಿಂದ ದೃಶ್ಯ ಹುಟ್ಟುವುದಿಲ್ಲ, ಇದರಿಂದ ನಾಲ್ಕಾದರೂ ಹುಟ್ಟುತ್ತವೆ.

ಚಿತ್ರಕಥೆ ಬರೆಯುವುದು ಹೇಗೆ ಅಂತ ಹೇಳಿಕೊಡುವ, ಸಿಡ್ ಫೀಲ್ಡ್ ಅವರ 1979ರ ಪುಸ್ತಕ ನೋಡಿ ಬರೆದಿದ್ದಾಗಿ ಪತ್ರದಲ್ಲಿ ಹೇಳಿದ್ದೀರಿ. ಪಾತ್ರದ ಈಗಿನ ಬದುಕನ್ನು ಅವರು ಮೂರು ಭಾಗ ಮಾಡುತ್ತಾರೆ: ಕೆಲಸದಲ್ಲಿ, ತನ್ನವರ ಜೊತೆ, ಒಬ್ಬಳೇ ಇದ್ದಾಗ. ಮೂರನೆಯದಕ್ಕೆ ನೀವು ಕೊಟ್ಟಿದ್ದು ಎರಡೇ ಸಾಲು. ಇಡೀ ಬರವಣಿಗೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರಲ್ಲೊಂದು: 'ಚಿಲ್ಲರೆ ಇಸ್ಕೊಳ್ಳದೆ ಇಳಿದು ಹೋದವರ ಲೆಕ್ಕವನ್ನು ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾಳೆ.'

ಟಿಕೆಟ್ ಹಿಂದೆ ಬಾಕಿ ಬರೆದುಕೊಡುವ ಕಂಡಕ್ಟರನ್ನು ನಾವೆಲ್ಲ ನೋಡಿದ್ದೇವೆ. ತನ್ನ ಹತ್ತಿರವೂ ಬರೆದಿಟ್ಟುಕೊಳ್ಳುವವಳನ್ನು ನಾನು ಯಾವ ಸಿನಿಮಾದಲ್ಲೂ ಕಂಡಿಲ್ಲ. ಹೆಸರು ಗೊತ್ತಿಲ್ಲದವರನ್ನು ಹೇಗೆ ಗುರುತು ಹಾಕುತ್ತಾಳೆ? 'ಹಸಿರು ಶಾಲು, ಬ್ಯಾಡಗಿಯಲ್ಲಿ ಇಳಿದವರು, ₹7' ಅಂತಲಾ? ಆ ದುಡ್ಡು ಎಲ್ಲಿಡುತ್ತಾಳೆ? ಮಗಳ ಫೀಸಿಗೆ ಐನೂರು ಕಮ್ಮಿ ಬಿದ್ದ ದಿನ ಆ ಡಬ್ಬಿಗೆ ಕೈ ಹಾಕುತ್ತಾಳಾ? ನಿಮ್ಮ ಸಿನಿಮಾ ಇರುವುದೇ ಇಲ್ಲಿ. ಈ ನೋಟ್‌ಬುಕ್ ಚಿತ್ರಕಥೆಯಲ್ಲಿ ಒಮ್ಮೆಯೂ ಬರದಿದ್ದುದು ನೋಡಿ ನಿಜಕ್ಕೂ ಬೇಜಾರಾಯಿತು.

ಬದಲಿಗೆ 14ನೇ ದೃಶ್ಯದಲ್ಲಿ ಫ್ಲ್ಯಾಶ್‌ಬ್ಯಾಕ್ ಬರುತ್ತದೆ. ಬಡ್ಡಿ ಸಾಹುಕಾರ ಸುಳ್ಳು ಲೆಕ್ಕ ತೋರಿಸಿ ಅಪ್ಪನ ಎತ್ತುಗಳನ್ನು ಹೊಡೆದುಕೊಂಡು ಹೋಗುತ್ತಾನೆ, ಪುಟ್ಟ ಹುಡುಗಿ ಅಳುತ್ತಾ ನಿಲ್ಲುತ್ತಾಳೆ. 22ರಲ್ಲಿ ಅದನ್ನೇ ಅವಳು ಡ್ರೈವರಿಗೆ ಇನ್ನೊಮ್ಮೆ ಹೇಳುತ್ತಾಳೆ. ಅಮೆರಿಕದ ನಿರ್ದೇಶಕ ಸಿಡ್ನಿ ಲುಮೆಟ್ ಮತ್ತು ಚಿತ್ರಕಥೆಗಾರ ಪ್ಯಾಡಿ ಚಯೆಫ್‌ಸ್ಕಿ ಇಂಥ ವಿವರಣೆಗೆ 'ರಬ್ಬರ್ ಬಾತುಕೋಳಿ' ಅನ್ನುತ್ತಿದ್ದರು: ಚಿಕ್ಕವನಿದ್ದಾಗ ಯಾರೋ ಅವನ ಆಟದ ಬಾತುಕೋಳಿ ಕಿತ್ತುಕೊಂಡರು, ಅದಕ್ಕೇ ದೊಡ್ಡವನಾಗಿ ಕೊಲೆಗಾರನಾದ. ಎತ್ತುಗಳ ಕಥೆ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಮಗೂ ನಟಿಗೂ ಗೊತ್ತಿರಲೇಬೇಕು. ಆದರೆ ತೆರೆಯ ಮೇಲೆ ತೋರಿಸಿದ ಕೂಡಲೇ ಅವಳ ಇಡೀ ಸ್ವಭಾವಕ್ಕೆ ಅದೊಂದೇ ಉತ್ತರವಾಗಿಬಿಡುತ್ತದೆ. ನೋಡುವವರು ಅವಳ ಬಗ್ಗೆ ಯೋಚಿಸುವುದನ್ನು ಅಲ್ಲಿಗೇ ಬಿಡುತ್ತಾರೆ.

ಹಳೆಯದನ್ನು ಹೇಳಲೇಬೇಕು ಅನ್ನಿಸಿದರೆ 2015ರ 'ತಿಥಿ'ಯ ಗಡ್ಡಪ್ಪನನ್ನು ನೋಡಿ. ಅವನು ಸುಮ್ನೆ ಅಲೆಯುವುದನ್ನು, ಕುಡಿಯುವುದನ್ನು ನಾವು ಬಹಳ ಹೊತ್ತು ನೋಡುತ್ತೇವೆ. ಆಮೇಲೆ ಕುರಿ ಕಾಯುವವರ ಜೊತೆ ಕೂತು ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ಅಷ್ಟು ಹೊತ್ತು ಕಾದದ್ದಕ್ಕೇ ಆ ಮಾತಿಗೆ ತೂಕ ಬಂದಿದೆ.

ಇನ್ನು ಡ್ರೈವರ್. ದಿನವಿಡೀ ಅವಳ ಜೊತೆ ಇರುವ ಮನುಷ್ಯನಿಗೆ ನಿಮ್ಮ ಹತ್ತಿರ ಮೂರೇ ಸಾಲು! ಅವನಿಗೆ ಯಾಕೆ ಗಾಡಿ ಬೇಗ ಡಿಪೋ ಸೇರಬೇಕು ಅಂತ ಕಂಡುಕೊಳ್ಳಿ. ಅವಳು ಚಿಲ್ಲರೆಗಾಗಿ ಬಸ್ ನಿಲ್ಲಿಸಿಕೊಂಡಾಗ ಜಗಳ ತಾನಾಗಿ ಹುಟ್ಟುತ್ತದೆ.

14ನ್ನು ತೆಗೆಯಿರಿ. 22ರಲ್ಲಿ ಅವಳ ಮಾತು ತೆಗೆದು ನೋಟ್‌ಬುಕ್ ತನ್ನಿ. ಡ್ರೈವರಿಗೆ ಒಂದು ಪುಟ ಬರೆಯಿರಿ. ಈ ಮೂರು ಆದ ಮೇಲೆ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ.