ಪ್ರತಿಕ್ರಿಯೆ: ಗಾಯನ ತಂಡದ ಗೆಳತಿ ಮುನಿಸಿಕೊಂಡಿದ್ದಾರೆ
ನಿಮ್ಮ ಗೆಳತಿಗೆ ಜಾಸ್ತಿ ನೋವಾದದ್ದು ಮಾತಿನಿಂದಲ್ಲ, ಅದನ್ನು ಹೇಳಿದ ಜಾಗದಿಂದ ಇರಬೇಕು. ಮಂಜೇಶ್ವರದಲ್ಲಿ ಹಾಡಿನ ಅಭ್ಯಾಸದ ಹೊತ್ತು ಎಲ್ಲರೆದುರು "ದಿನಾ ತಡ ಮಾಡ್ತೀರಿ" ಅಂದಿರಿ, ಅವರು ಇಗರ್ಜಿಗೆ (ಚರ್ಚಿಗೆ) ಬರುವುದನ್ನೇ ಬಿಟ್ಟರು ಅಂತ ಬರೆದಿದ್ದೀರಲ್ವಾ? ಬೈಬಲಿನಲ್ಲಿ ಮತ್ತಾಯ 18:15 ನೋಡಿ. ತಪ್ಪು ತಿಳಿಸುವುದು ಮೊದಲು ಇಬ್ಬರೇ ಇರುವಾಗ.

ಮೆಸೇಜ್ ಬೇಡ, ಮನೆಗೇ ಹೋಗಿ. ಮೊದಲು ಎಲ್ಲರೆದುರು ಅಂದದ್ದಕ್ಕೆ ಕ್ಷಮೆ ಕೇಳಿ. ಅದರ ಹಿಂದೆ "ಆದರೆ" ಸೇರಿಸಬೇಡಿ. ಆಮೇಲೆ ಯಾಕೆ ತಡವಾಗುತ್ತದೆ ಅಂತ ಕೇಳಿ, ಸುಮ್ನೆ ಕೇಳಿಸಿಕೊಳ್ಳಿ. ನಾನು ಹೀಗೇ ಕುಂಬಳೆಗೆ ಹೋದಾಗ ಗೆಳೆಯನ ಅಮ್ಮ ಹಾಸಿಗೆ ಹಿಡಿದಿದ್ದರು. ಅವನ ಕೈಯಲ್ಲಿ ಗಂಜಿಯ ಬಟ್ಟಲಿತ್ತು. ನಾನು ಹೇಳಬೇಕೆಂದಿದ್ದ ಅರ್ಧ ಮಾತು ಅಲ್ಲೇ ಉಳಿಯಿತು.

ಉಳಿದದ್ದನ್ನು ಒಂದೇ ಸಲ, ಮೆಲ್ಲಗೆ ಹೇಳಿ. ಅವರು ಕೂಡಲೇ ವಾಪಸ್ ಬರುತ್ತಾರೆ ಅಂತ ಹೇಳಲಾರೆ. ಆದರೂ ಈ ಭಾನುವಾರದೊಳಗೆ ಹೋಗಿ ಬನ್ನಿ.