ವರ್ಷಗಟ್ಟಲೆ ಪ್ರಾರ್ಥಿಸಿದರೂ ನ್ಯಾಯ ಸಿಗಲಿಲ್ಲ ಅಂದರೆ, ಮತ್ತೆ ಅದನ್ನೇ ಬೇಡಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಅಪ್ಪ ವಿಲ್ ಬರೆಯದೆ ತೀರಿಹೋದರು. ‘ನಿನ್ನ ಮದುವೆಗೆ ಕೊಟ್ಟಾಯ್ತಲ್ಲ’ ಎಂದು ಅಣ್ಣಂದಿರು ಪಾಲು ಕೊಡುತ್ತಿಲ್ಲ. ನೀವು ವರ್ಷಗಳಿಂದ ಪ್ರಾರ್ಥಿಸುತ್ತಿದ್ದೀರಿ, ಫಾದರ್ ಬಿಡಬೇಡಿ ಅನ್ನುತ್ತಾರೆ. ಒಂದು ಸಲ ಹೇಳಿದರೆ ದೇವರಿಗೆ ಕೇಳಿಸುವುದಿಲ್ಲವಾ? ಕೇಸು ಹಾಕಿದರೆ ನಂಬಿಕೆ ಕಡಿಮೆ ಅಂತ ಆಗುತ್ತದಾ?

ನಾನು ಕಾಸರಗೋಡಿನ ಬೇಳ ಕಡೆಯವಳು. ಜಿಲ್ಲೆ ಕೇರಳದ್ದು, ಚರ್ಚಿನ ಧರ್ಮಪ್ರಾಂತ್ಯ ಮಂಗಳೂರಿನದ್ದು, ಹಾಗಾಗಿ ಕಾಗದಪತ್ರದ ಗೋಳು ನಮಗೆ ಎರಡು ಕಡೆಯದ್ದೂ ಗೊತ್ತು. ತಿಳಿದಷ್ಟು ಹೇಳುತ್ತೇನೆ.

ನಿಮ್ಮ ಫಾದರ್ ಮನಸ್ಸಲ್ಲಿ ಇದ್ದದ್ದು ಬೈಬಲಿನ ಲೂಕನ ಶುಭಸಂದೇಶದ 18ನೇ ಅಧ್ಯಾಯ ಇರಬೇಕು. ಒಂದು ಊರಲ್ಲಿ ಒಬ್ಬ ನ್ಯಾಯಾಧೀಶ. ದೇವರ ಹೆದರಿಕೆಯೂ ಇಲ್ಲ, ಜನರ ಮುಲಾಜೂ ಇಲ್ಲ. ಅದೇ ಊರಿನ ಒಬ್ಬಳು ವಿಧವೆ, ನನಗೆ ನ್ಯಾಯ ಕೊಡಿಸು ಎಂದು ಅವನ ಹತ್ತಿರ ಹೋಗುತ್ತಲೇ ಇರುತ್ತಾಳೆ. ಅವನು ಬಹಳ ದಿನ ಕಿವಿಗೇ ಹಾಕಿಕೊಳ್ಳುವುದಿಲ್ಲ. ಕೊನೆಗೆ, ಇವಳ ಕಾಟ ತಪ್ಪಿದರೆ ಸಾಕಪ್ಪಾ ಎಂದು ನ್ಯಾಯ ತೀರಿಸುತ್ತಾನೆ.

ಇದನ್ನು ಕೇಳಿದ ಬಹಳ ಜನ, ಹಾಗಾದರೆ ದೇವರನ್ನೂ ಪೀಡಿಸಿದರೆ ಕೆಲಸ ಆಗುತ್ತದೆ ಎಂದುಕೊಳ್ಳುತ್ತಾರೆ. ಒಂಬತ್ತು ದಿನದ ನೊವೆನಾ ಪ್ರಾರ್ಥನೆ ಒಂದು ಮುಗಿದ ಕೂಡಲೇ ಇನ್ನೊಂದು. ಯೇಸು ಹೇಳಿದ್ದು ಅದಲ್ಲ. ಅಂಥ ಕೆಟ್ಟ ಮನುಷ್ಯನೇ ಕೊಟ್ಟ ಮೇಲೆ, ಹಗಲಿರುಳು ಮೊರೆಯಿಡುವ ತನ್ನ ಜನರಿಗೆ ದೇವರು ಕೊಡದೆ ಇರುತ್ತಾನಾ ಎಂದು ಅವರು ಕೇಳುತ್ತಾರೆ. ದೇವರು ಆ ನ್ಯಾಯಾಧೀಶನ ಹಾಗಲ್ಲ ಅನ್ನುವುದೇ ಕಥೆಯ ತಿರುಳು. ನೀವು ಕೇಳುವ ಮೊದಲೇ ನಿಮಗೇನು ಬೇಕೆಂದು ತಂದೆಗೆ ಗೊತ್ತು ಎಂದು ಮತ್ತಾಯನ 6ನೇ ಅಧ್ಯಾಯದಲ್ಲಿ ಅವರೇ ಹೇಳಿದ್ದಾರೆ. ಹಾಗಾಗಿ ಕೇಳಿಸುವ ವಿಷಯಕ್ಕಾದರೆ ಒಂದು ಸಲವೇ ಜಾಸ್ತಿ.

ಮತ್ತೆ ಯಾಕೆ ದಿನಾ ಹೇಳಬೇಕು? ನನಗೆ ಇದು ಗೊತ್ತಾದದ್ದು ನಮ್ಮ ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಒಬ್ಬರು ವಿಧವೆಯನ್ನು ನೋಡಿ. ಊರೆಲ್ಲ ಅವರನ್ನು ಬಾಯಮ್ಮ ಅಂತಲೇ ಕರೆಯುವುದು. ಅವರ ಮನೆಗೆ ಹೋಗುವ ದಾರಿಗೆ ಅಡ್ಡವಾಗಿ ಪಕ್ಕದವರು ಮುರಕಲ್ಲಿನ ಗೋಡೆ ಕಟ್ಟಿಬಿಟ್ಟರು. ಸಂಜೆ ತೇರ್ಸ್ (ಜಪಸರದ ಪ್ರಾರ್ಥನೆ) ಮುಗಿದ ಮೇಲೆ ಬಾಯಮ್ಮ ಗಟ್ಟಿಯಾಗಿ ಒಂದೇ ಮಾತು ಹೇಳುತ್ತಿದ್ದರು: ‘ದೇವಾ, ಆ ದಾರಿಯ ವಿಷಯ.’ ಅಷ್ಟೇ. ವಿವರಣೆ ಇಲ್ಲ, ಅಳು ಇಲ್ಲ. ಬೆಳಿಗ್ಗೆ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ತೀರ್ವೆ (ಭೂಕಂದಾಯ) ರಶೀದಿ, ಜಾಗದ ಸ್ಕೆಚ್, ಮೊಮ್ಮಗ ಓದಿ ಹೇಳಿದ ಮಲಯಾಳದ ನೋಟೀಸು, ಎಲ್ಲ ತುಂಬಿಸಿಕೊಂಡು ಬಸ್ಸು ಹತ್ತುತ್ತಿದ್ದರು. ಕಚೇರಿಯಲ್ಲಿ ‘ಸಾರ್ ಇಲ್ಲ, ನಾಡಿದ್ದು ಬನ್ನಿ’ ಅಂದರೆ, ಸಾರ್ ಬರುವವರೆಗೆ ಬೆಂಚಿನ ಮೇಲೆ ಜಪಸರ ಹಿಡಿದು ಕೂತುಬಿಡುವುದು. ಪಕ್ಕದವರನ್ನು ಅವರು ಶಪಿಸಿದ್ದು ನಾನು ಕೇಳಿಲ್ಲ. ಬೈದದ್ದು ಕೇಳಿದ್ದೇನೆ, ಅದು ಬೇರೆ.

ಅನ್ಯಾಯ ಹಳೆಯದಾದ ಹಾಗೆ ನಾವು ಅದಕ್ಕೆ ಒಗ್ಗಿಹೋಗುತ್ತೇವೆ, ಅಲ್ವಾ? ಹೋಗಲಿ ಬಿಡು, ನಮ್ಮ ಹಣೆಬರಹ ಅಂತೀವಿ. ಇಲ್ಲದಿದ್ದರೆ ಒಳಗೊಳಗೇ ಹೊಗೆಯಾಡುತ್ತೇವೆ. ದಿನಾ ದೇವರ ಮುಂದೆ ಹೇಳುವವರಿಗೆ ಎರಡೂ ಕಷ್ಟ. ಇದು ತಪ್ಪು, ಇದು ಸರಿಯಾಗಬೇಕು ಎಂದು ನಿನ್ನೆ ಹೇಳಿದ್ದನ್ನು ಇವತ್ತೂ ಹೇಳುವವರು ಸೋತವರ ಹಾಗೆ ಬದುಕುವುದಿಲ್ಲ. ಸೇಡು ತೀರಿಸುವ ಕೆಲಸ ದೇವರದ್ದು ಎಂದು ಬಿಟ್ಟುಕೊಟ್ಟ ಕಾರಣ ಅಣ್ಣನ ಮನೆಗೆ ಕಲ್ಲು ಹೊಡೆಯಲೂ ಹೋಗುವುದಿಲ್ಲ.

ಬಾಯಮ್ಮನಿಗೆ ದಾರಿ ಸಿಕ್ಕಿತು, ಆದರೆ ನಡೆದು ಹೋಗುವಷ್ಟು ಮಾತ್ರ. ಆಟೋ ಹೋಗುವುದಿಲ್ಲ. ಗ್ಯಾಸ್ ಸಿಲಿಂಡರನ್ನು ಈಗಲೂ ರಸ್ತೆಯಿಂದ ಹೊತ್ತು ತರಬೇಕು. ತೇರ್ಸಿನ ಕೊನೆಯ ಮಾತು ಇನ್ನೂ ನಿಂತಿಲ್ಲ.

ದೇವರು ಬೇಗ ನ್ಯಾಯ ತೀರಿಸುತ್ತಾನೆ ಎಂದೂ ಲೂಕನ ಅದೇ ಕಥೆಯ ಕೊನೆಗಿದೆ. ಅಲ್ಲೇ ನನಗೂ ತಡೆಯಾಗುವುದು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರ ಜನವರಿಯಲ್ಲಿ. ಯಾಕೆ ಇನ್ನೂ ಕೊಟ್ಟಿಲ್ಲ ಎಂದು 2022ರಲ್ಲಿ ಅದೇ ಕೋರ್ಟು ಮತ್ತೆ ಗದರಿಸಬೇಕಾಯಿತು. ಆ ನಡುವೆ ಅಮ್ಮಂದಿರು ಆ ವಿಷದಿಂದ ಕಾಯಿಲೆ ಬಿದ್ದ ಮಕ್ಕಳನ್ನು ಎತ್ತಿಕೊಂಡು ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟ್ ಮುಂದೆ ಕೂತರು. ಎಲ್ಲ ಮತದ ಅಮ್ಮಂದಿರೂ ಇದ್ದರು. ಲೂಕನ ವಿಧವೆ ಯಾರ ಹಾಗಿದ್ದಳು ಎಂದು ಕೇಳಿದರೆ ನಾನು ಅವರನ್ನು ತೋರಿಸುತ್ತೇನೆ. ಹಣ ಬರುವ ಮೊದಲೇ ಮಗುವನ್ನು ಕಳೆದುಕೊಂಡವರಿಗೆ ‘ಬೇಗ ಆಗುತ್ತದೆ’ ಅನ್ನಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ನಂಬಿಕೆಯೂ ಹಾಗೆ ಸುಮ್ನೆ ಸಮಾಧಾನ ಹೇಳುವುದಿಲ್ಲ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 6ನೇ ಅಧ್ಯಾಯ ತೆಗೆದು ನೋಡಿ. ಹುತಾತ್ಮರು ದೇವರ ಹತ್ತಿರ ಇದ್ದೂ ‘ಎಲ್ಲಿಯ ತನಕ?’ ಎಂದು ಕೂಗುತ್ತಾರೆ. ಇನ್ನೂ ಸ್ವಲ್ಪ ಕಾಯಿರಿ ಎಂಬ ಉತ್ತರ ಬರುತ್ತದೆ. ಯೇಸು ಗೆತ್ಸೆಮನಿ ತೋಟದಲ್ಲಿ ಅದೇ ಮಾತನ್ನು ಮೂರು ಸಲ ಬೇಡಿದರು. ಶಿಲುಬೆ ತಪ್ಪಲಿಲ್ಲ. ಅವರಿಗೆ ನ್ಯಾಯ ಸಿಕ್ಕಿದ್ದು ಸಮಾಧಿಯ ಆಚೆ. ಸಾವಿನ ಆಚೆಗೂ ದೇವರಿಗೆ ಲೆಕ್ಕ ಮುಗಿಯುವುದಿಲ್ಲ ಅನ್ನುವುದನ್ನು ಬಿಟ್ಟರೆ, ಆ ಅಮ್ಮಂದಿರ ಮುಂದೆ ಹೇಳಲು ಕ್ರೈಸ್ತರ ಹತ್ತಿರ ಬೇರೆ ಮಾತಿಲ್ಲ. ನನಗೆ ಅದು ಸಾಕು. ಎಲ್ಲರಿಗೂ ಸಾಕಾಗಬೇಕು ಎಂದು ಹೇಳುವುದಿಲ್ಲ.

ಸಿಟ್ಟು ಬಂದರೆ ಸಿಟ್ಟಿನಿಂದಲೇ ಪ್ರಾರ್ಥಿಸಿ. 13ನೇ ಕೀರ್ತನೆ ‘ಎಲ್ಲಿಯ ತನಕ ಪ್ರಭೂ’ ಎಂದೇ ಶುರುವಾಗುವುದು, ನಯವಿನಯ ಏನೂ ಇಲ್ಲ. ಅಣ್ಣಂದಿರ ಹೆಸರನ್ನೂ ಸೇರಿಸಿ. ಮನಸ್ಸು ಒಪ್ಪದ ದಿನ ಹೆಸರು ಮಾತ್ರ ಹೇಳಿ.

ಇನ್ನು ಕೇಸು. ಕ್ರೈಸ್ತರು ಪರಸ್ಪರ ಕೋರ್ಟಿಗೆ ಹೋಗುವುದನ್ನು ಸಂತ ಪೌಲರು ಕೊರಿಂಥದವರಿಗೆ ಬೈದಿದ್ದಾರೆ, ನಿಜ. ಅದೇ ಪೌಲರು ತಮಗೆ ಅನ್ಯಾಯ ಆಗುವ ಹೊತ್ತಿಗೆ ರೋಮಿನ ಚಕ್ರವರ್ತಿ ಸೀಸರನಿಗೇ ಅಪೀಲು ಹಾಕಿದರು, ಪ್ರೇಷಿತರ ಕಾರ್ಯಗಳು 25ರಲ್ಲಿದೆ. ಹಾಗಾಗಿ ಮೊದಲು ವಾಳೆಯ ಮುಖಂಡರಾದ ಗುರಿಕಾರರನ್ನೂ ಫಾದರನ್ನೂ ಕೂರಿಸಿ ಅಣ್ಣಂದಿರ ಜೊತೆ ಮಾತಾಡಿ. ಆಗದಿದ್ದರೆ ವಕೀಲರ ಹತ್ತಿರ ಹೋಗಿ, ಪಾಪಭೀತಿ ಬೇಡ. ಅಪ್ಪ ವಿಲ್ ಬರೆಯದಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಮಗಳಿಗೂ ಮಗನಷ್ಟೇ ಪಾಲು ಕೊಡುತ್ತದೆ. ತಿರುವಾಂಕೂರು ಕಡೆಯ ಕ್ರೈಸ್ತ ಹೆಣ್ಣುಮಕ್ಕಳಿಗೆ ಈ ಹಕ್ಕು ಗಟ್ಟಿಯಾದದ್ದು ಅಲ್ಲಿನ ಶಿಕ್ಷಕಿ ಮೇರಿ ರಾಯ್ ಅಪ್ಪನ ಆಸ್ತಿಯ ಪಾಲಿಗಾಗಿ ಸುಪ್ರೀಂ ಕೋರ್ಟಿಗೆ ಹೋದ ಮೇಲೆ, 1986ರಲ್ಲಿ. ಅವರಿಗೆ ಎದುರು ನಿಂತದ್ದು ಸ್ವಂತ ಅಣ್ಣ. ತೀರ್ಪು ಬಂದ ಮೇಲೂ ಆಸ್ತಿ ಕೈಗೆ ಬರಲು ಬಹಳ ವರ್ಷ ಹಿಡಿಯಿತು.

ಒಂದು ಮಾತು ಮರೆಯಬೇಡಿ. ಹಬ್ಬಕ್ಕೋ ಮದುವೆಗೋ ಸೇರಿದಾಗ ‘ಸುಮ್ನೆ ಒಂದು ಸಹಿ’ ಎಂದು ಅಣ್ಣಂದಿರು ಕಾಗದ ಕೊಟ್ಟರೆ, ಅದು ಹಕ್ಕು ಬಿಟ್ಟುಕೊಡುವ ಪತ್ರ ಆಗಿರಬಹುದು. ಮಲಯಾಳದಲ್ಲಿದ್ದರೆ ಗೊತ್ತಿರುವವರಿಂದ ಓದಿಸಿಕೊಳ್ಳಿ. ಅಲ್ಲಿವರೆಗೆ ಪೆನ್ನು ಮುಟ್ಟಬೇಡಿ.